ದೇವಮೂಲೆಯ ಗಪ್ಪಿಗಳು

ಕೋಲಾರದ ಮನೆಗಳಲ್ಲಿ ಮೀನಿನ ತೊಟ್ಟಿ ಎಲ್ಲಿರಬೇಕು ಅನ್ನೋದನ್ನು ಮೀನು ಬಲ್ಲವರು ಹೇಳುವುದಿಲ್ಲ, ವಾಸ್ತು ಬಲ್ಲವರು ಹೇಳುತ್ತಾರೆ. ಈಶಾನ್ಯ, ಅಂದರೆ ದೇವಮೂಲೆ. ಅಲ್ಲೊಂದು ಕಿಟಕಿ ಇದ್ದೇ ಇರುತ್ತದೆ. ಬೆಳಗಿನ ಬಿಸಿಲು ನೇರ ತೊಟ್ಟಿಗೇ ಬಿದ್ದು, ಲಕ್ಷ್ಮಿ ಬರೋ ಮೊದಲು ಪಾಚಿ ಬಂದು ಕೂತಿರುತ್ತದೆ. ಮೂಲೆ ಬಿಡಲಾರದವರು ಕಿಟಕಿಗೆ ದಪ್ಪ ಪರದೆ ಹಾಕಿ, ತೊಟ್ಟಿಯ ಲೈಟನ್ನು ದಿನಕ್ಕೆ 7-8 ಗಂಟೆ ಮಾತ್ರ ಉರಿಸಿದರೆ ದೇವರಿಗೂ ಮೀನಿಗೂ ರಾಜಿಯಾಗುತ್ತದೆ.

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ನೋಡೋಕೆ ಪುಟ್ಟದು. ಅದಕ್ಕೆ ಸುಮಾರು 50 ಲೀಟರ್ ನೀರು, 10 ಕೆಜಿ ಜಲ್ಲಿ, ಮೇಲೆ ಗಾಜಿನ ತೂಕ. ಒಟ್ಟು 70 ಕೆಜಿ. ನಮ್ಮ ಮಂಡಿಯ ಲೆಕ್ಕದಲ್ಲಿ ಹೆಚ್ಚುಕಮ್ಮಿ ಐದು ಟೊಮೆಟೊ ಬಾಕ್ಸು. ಇದನ್ನು ಶೋಕೇಸಿನ ಪ್ಲೈವುಡ್ ಮೇಲಿಟ್ಟವರ ಮನೆಯಲ್ಲಿ ಹಲಗೆ ನಡು ಬಗ್ಗಿಸಿ ನಮಸ್ಕಾರ ಮಾಡುತ್ತದೆ. ಗಟ್ಟಿ ಕಬ್ಬಿಣದ ಸ್ಟ್ಯಾಂಡೇ ಬೇಕು, ತೊಟ್ಟಿಯ ಕೆಳಗೆ ಅರ್ಧ ಇಂಚು ಥರ್ಮೋಕೋಲ್ ಬೇಕು. ತಳದ ಗಾಜಿನಡಿ ಒಂದು ಸಣ್ಣ ಹರಳು ಸಿಕ್ಕಿಕೊಂಡರೂ ಭಾರವೆಲ್ಲ ಆ ಒಂದೇ ಬಿಂದುವಿನ ಮೇಲೆ ಕೂತು, ನಡುರಾತ್ರಿ ಹಾಲ್ ಕೆರೆಯಾಗುತ್ತದೆ.

ಇನ್ನು ನೀರು. ಇಲ್ಲೇ ಪ್ರೀತಿ ಉಕ್ಕಿ ಅನಾಹುತವಾಗೋದು. ಬೋರ್ ನೀರಿನಿಂದ ಗೀಸರ್ ಕಾಯಿಲ್ ಸುಣ್ಣ ಕಟ್ಟಿ ಹೋಗಿದೆ, ನಲ್ಲಿಯ ಮೂತಿ ಬೆಳ್ಳಗಾಗಿದೆ, ಪಾಪದ ಮೀನಿಗೆ ಅದೇ ನೀರು ಹಾಕೋದೇ? ಎಂದು ಮನೆಯವರು ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹಿಡಿದು ಓಡುತ್ತಾರೆ. ಆದರೆ ಗಪ್ಪಿ, ಮಾಲಿ, ಪ್ಲಾಟಿ ಎಂಬ ಪುಟ್ಟ ಮೀನುಗಳಿಗೆ ಗಡಸು ನೀರೇ ಅಚ್ಚುಮೆಚ್ಚು. ಘಟಕದ ಆರ್‌ಓ ನೀರಿನಲ್ಲಿ ಖನಿಜಾಂಶ ತೀರಾ ಕಡಿಮೆ. ಅದರಲ್ಲಿಟ್ಟ ಮಾಲಿ ನಿಂತಲ್ಲೇ ಮೈ ನಡುಗಿಸುತ್ತದೆ. ಜಿಲ್ಲೆಯಲ್ಲಿ ನಮ್ಮ ಬೋರ್ ನೀರನ್ನು ಬೈಯದೆ ಕುಡಿಯುವ ಸಂಸಾರ ಇದೊಂದೇ ಇರಬೇಕು. ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಬಕೆಟ್‌ನಲ್ಲಿ ಹಿಡಿದು ಒಂದು ರಾತ್ರಿ ಏರ್ ಪಂಪ್ ಹಾಕಿಟ್ಟರೆ ಸಾಕು. ಬ್ಲೀಚಿಂಗ್ ವಾಸನೆ ಬರುವ ನಲ್ಲಿ ನೀರು, ಟ್ಯಾಂಕರ್ ನೀರಾದರೆ 24 ಗಂಟೆ ತೆರೆದಿಡಿ, ಇಲ್ಲವೇ ಆಂಟಿ-ಕ್ಲೋರಿನ್ ಹನಿ ಹಾಕಿ.

ತೊಟ್ಟಿ ತಂದ ಸಂಜೆಯೇ ಮೀನೂ ಬರುತ್ತದೆ, ಮಗುವಿನ ಹಟ. ಮೊದಲ ವಾರ ನೀರು ಕನ್ನಡಿಯಂತಿರುತ್ತದೆ, ಎರಡನೇ ವಾರ ಮೀನು ಒಂದೊಂದಾಗಿ ಮಗುಚಿಕೊಳ್ಳುತ್ತವೆ. ಆಗ ಎದುರುಮನೆಯವರ ಕಣ್ಣಿಗೆ ಮೆಣಸಿನಕಾಯಿ ನಿವಾಳಿಸಲಾಗುತ್ತದೆ. ಅವರು ನಿರಪರಾಧಿಗಳು. ಮೀನಿನ ಉಸಿರಾಟ, ಮಲ, ಉಳಿದ ತಿಂಡಿ ಎಲ್ಲದರಿಂದಲೂ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಾಂಜಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಪಿಎಚ್ 8ರ ಆಸುಪಾಸಿನ ಕ್ಷಾರ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ಜೋರು. ಹಾಗಾಗಿ ಖಾಲಿ ತೊಟ್ಟಿಗೆ ಫಿಲ್ಟರ್ ಹಚ್ಚಿ, ಎರಡು ದಿನಕ್ಕೊಮ್ಮೆ ಚಿಟಿಕೆ ಮೀನಿನ ತಿಂಡಿ ಉದುರಿಸಿ ಕಾಯಬೇಕು. ಬಂದವರೆಲ್ಲ ಗಾಜಿಗೆ ಮೂಗು ಒತ್ತಿ 'ಮೀನೆಲ್ಲಿ?' ಅಂತ ಕೇಳುತ್ತಾರೆ. ಕೇಳಲಿ. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ಮೇಲೆ ಮೊದಲು ನಾಲ್ಕೇ ಗಪ್ಪಿ, ಎರಡು ವಾರ ಬಿಟ್ಟು ಇನ್ನು ನಾಲ್ಕು. ಮೀನು ತಂದ ಕವರನ್ನು ನೀರಿನ ಮೇಲೆ 15 ನಿಮಿಷ ತೇಲಿಸಿ, ತೊಟ್ಟಿಯ ನೀರು ಸ್ವಲ್ಪ ಸ್ವಲ್ಪವೇ ಬೆರೆಸಿ, ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ.

ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ಪೈಪಿಗೆ ಚೆಕ್ ವಾಲ್ವ್ ಸಿಕ್ಕಿಸಿ. ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗಿಳಿಯುತ್ತದೆ, ಅಲ್ಲಿಂದ ಸ್ವಿಚ್ ಬೋರ್ಡಿಗೆ ದೂರವೇನಿಲ್ಲ. ರಾತ್ರಿ ಗುಂಯ್ ಅನ್ನುತ್ತದೆಂದು ಆರಿಸುವ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. 5 ವ್ಯಾಟಿನ ಪಂಪು ತಿಂಗಳಿಡೀ ಓಡಿದರೂ ನಾಲ್ಕು ಯೂನಿಟ್ ಆಗೋದಿಲ್ಲ ಅಂತ ಬಿಲ್ ತೋರಿಸಿ ಒಪ್ಪಿಸಬೇಕು.

ತಿಂಡಿಯ ಕಥೆ ಬೇರೆ. ಎರಡು ನಿಮಿಷದಲ್ಲಿ ಮುಗಿಸುವಷ್ಟು, ದಿನಕ್ಕೊಮ್ಮೆ ಸಾಕು. ಆದರೆ ಅಜ್ಜಿ ಪೂಜೆ ಮುಗಿಸಿ ಒಂದು ಚಿಟಿಕೆ, ಮಗ ಸ್ಕೂಲಿಂದ ಬಂದು ಒಂದು ಚಿಟಿಕೆ, 'ಬಾಯಿ ಬಡೀತಿವೆ, ಪಾಪ' ಅಂತ ಅತ್ತೆ ನಾಲ್ಕು ಅನ್ನದ ಅಗುಳು. ಸಂಜೆಗೆ ನೀರು ಗಂಜಿ. ಡಬ್ಬಿಗೆ ಬೀಗ ಹಾಕಿ. ವಾರಕ್ಕೊಂದು ಉಪವಾಸ ಮೀನಿಗೂ ಒಳ್ಳೆಯದು. ಶನಿವಾರ ಅಂದರೆ ಅಜ್ಜಿ ಕೂಡ ಎದುರು ಮಾತಾಡುವುದಿಲ್ಲ.

ಇಷ್ಟೆಲ್ಲ ದಾಟಿದ ತೊಟ್ಟಿಯನ್ನು ಮುಗಿಸೋದು ಯುಗಾದಿ. ಸುಣ್ಣಬಣ್ಣದ ಭರದಲ್ಲಿ ಮೀನನ್ನು ಬಕೆಟ್ಟಿಗೆ ಹಾಕಿ, ಜಲ್ಲಿ, ಸ್ಪಾಂಜು, ಗಾಜು ಎಲ್ಲ ಸೋಪಿನ ಪುಡಿಯಲ್ಲಿ ಉಜ್ಜಿ ಫಳಫಳ ಮಾಡುತ್ತಾರೆ. ಆರು ವಾರ ಸಾಕಿದ ಬ್ಯಾಕ್ಟೀರಿಯಾ ಬಚ್ಚಲಿಗೆ. ತೊಟ್ಟಿ ಮತ್ತೆ ಮೊದಲನೇ ದಿನಕ್ಕೆ. ವಾರಕ್ಕೊಮ್ಮೆ ಸಣ್ಣ ಪೈಪಿನಿಂದ ತಳದ ಕೊಳೆ ಸಮೇತ ಒಂದು ಬಕೆಟ್, ಅಂದರೆ 12 ಲೀಟರಿನಷ್ಟು ನೀರು ತೆಗೆದು ಅಷ್ಟೇ ಹೊಸ ನೀರು ತುಂಬಿ, ಸ್ಪಾಂಜನ್ನು ಆ ತೆಗೆದ ನೀರಿನಲ್ಲೇ ಹಿಂಡಿ. ಆ ನೀರು ಕರಿಬೇವಿನ ಗಿಡಕ್ಕೆ ಗೊಬ್ಬರ. ಪೈಪನ್ನು ಬಾಯಲ್ಲಿ ಎಳೆದು ಶುರು ಮಾಡುವವರಿಗೆ ಅದರ ರುಚಿಯೂ ಗೊತ್ತಾಗುತ್ತದೆ.

'ತೊಟ್ಟಿ ಕ್ಲೀನ್ ಮಾಡುತ್ತೆ' ಅಂತ ಅಂಗಡಿಯವರು ಕೊಡುವ ಎರಡಿಂಚಿನ ಸಕ್ಕರ್ ಮೀನು ಮಾತ್ರ ಬೇಡ. ಅದು ಒಂದಡಿ ದಾಟಿ ಬೆಳೆಯುತ್ತದೆ, ತಿಂದಿದ್ದಕ್ಕಿಂತ ಹೆಚ್ಚು ಗಲೀಜು ಮಾಡಿದ ಹಾಗೆ ಕಾಣುತ್ತದೆ. ಆಮೇಲೆ ಕೆರೆಗೆ ಬಿಟ್ಟರೆ ಅಲ್ಲಿನ ಮೀನುಗಳ ಬಾಯಿಗೆ ಮಣ್ಣು.

ಗಪ್ಪಿಯಲ್ಲಿ ಒಂದು ಗಂಡಿಗೆ ಎರಡು-ಮೂರು ಹೆಣ್ಣಿರಲಿ, ಇಲ್ಲದಿದ್ದರೆ ಗಂಡುಗಳ ಕಾಟಕ್ಕೆ ಹೆಣ್ಣು ಸುಸ್ತಾಗುತ್ತದೆ. ಸಂತಾನ ಬೇಡವೆಂದರೆ ಬರೀ ಗಂಡುಗಳನ್ನೇ ತನ್ನಿ. ಹೆಣ್ಣು ತಿಂಗಳಿಗೊಮ್ಮೆ ಇಪ್ಪತ್ತು ಮೂವತ್ತು ಮರಿ ಹಾಕುತ್ತದೆ. ಗಂಡನ್ನು ಬೇರೆ ಮಾಡಿದರೂ ಒಂದೇ ಸಲದ ಮಿಲನದ ಮೇಲೆ ತಿಂಗಳುಗಟ್ಟಲೆ ಹಾಕುತ್ತಲೇ ಇರುತ್ತದೆ. ಮೊದಲ ಸಲ ನೆಂಟರಿಗೆಲ್ಲ ಫೋನ್ ಮಾಡಿ ಸಿಹಿ ಹಂಚುತ್ತಾರೆ. ಐದನೇ ಸಲಕ್ಕೆ, ನೀವು ಉಪ್ಪಿನಕಾಯಿ ಬಾಟಲಿಯಲ್ಲಿ ಮರಿ ಹಿಡಿದು ಬೀದಿಗಿಳಿದಿರಿ ಅಂದರೆ ಇಡೀ ಬೀದಿಯ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ.