ಯೂರಿಯಾಗೆ ಚಳಿ ಆಗಬಾರದು ನೋಡಿ

2025ರ ಜುಲೈ. ಅರಿಜೋನಾದ ಫೀನಿಕ್ಸ್ ಊರು. ಮಧ್ಯಾಹ್ನ ಎರಡು ಗಂಟೆ, 45 ಡಿಗ್ರಿ ಬಿಸಿಲು. ಹಾಸನ ಕಡೆಯ ನನ್ನ ಗೆಳೆಯ ಇಲ್ಲಿ ಹದಿನೆಂಟು ಚಕ್ರದ ಟ್ರಕ್ ಓಡಿಸುತ್ತಾನೆ. ಅವತ್ತು ಅದನ್ನು ಹೆದ್ದಾರಿ ಪಕ್ಕ ನಿಲ್ಲಿಸಿಕೊಂಡು ಫೋನ್ ಮಾಡಿದ.

"ಗಾಡಿ ಓಡಲ್ಲ ಅಂತಿದೆ ಮಾರಾಯ. ಹೀಟರ್ ಕೆಟ್ಟಿದೆಯಂತೆ."

ಬಿಸಿಲು ನೆತ್ತಿಗೇರಿದೆ ಅಂದುಕೊಂಡೆ. ನೀರು ಕುಡಿ, ನೆರಳಿಗೆ ಹೋಗು ಅಂದೆ. ಆಮೇಲೆ ಗೊತ್ತಾಯಿತು, ಅವನು ಸರಿಯಾಗೇ ಇದ್ದ. ತಲೆ ಕೆಟ್ಟಿದ್ದು ಟ್ರಕ್ಕಿಗೆ.

ವಿಷಯ ಇಷ್ಟು. 2010ರಿಂದೀಚೆಗೆ ಅಮೆರಿಕದ ಹೆಚ್ಚಿನ ಡೀಸೆಲ್ ಟ್ರಕ್ಕುಗಳು ಡೀಸೆಲ್ ಜೊತೆ ಇನ್ನೊಂದು ದ್ರವವನ್ನೂ ಕುಡಿಯುತ್ತವೆ. ನೀಲಿ ಮುಚ್ಚಳದ ಟ್ಯಾಂಕು, ಒಳಗೆ ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ನೀರು. ಡೆಫ್ ಅನ್ನುತ್ತಾರೆ. ಹೊಗೆ ಕೊಳವೆಗೆ ಇದನ್ನು ಸಿಂಪಡಿಸಿದರೆ ಅಮೋನಿಯಾ ಆಗುತ್ತದೆ, ಅದು ಹೊಗೆಯ ವಿಷವನ್ನು ಸಾರಜನಕ ಮತ್ತು ನೀರಾಗಿ ಒಡೆಯುತ್ತದೆ. ಒಳ್ಳೇ ಕೆಲಸ, ಅದರ ಬಗ್ಗೆ ತಕರಾರಿಲ್ಲ. ತೊಂದರೆ ಒಂದೇ. ಮೈನಸ್ 11 ಡಿಗ್ರಿಗೆ ಇದು ಹೆಪ್ಪುಗಟ್ಟುತ್ತದೆ. ಅದಕ್ಕೇ ಟ್ಯಾಂಕಿಗೊಂದು ಹೀಟರ್, ಪೈಪುಗಳ ಉದ್ದಕ್ಕೂ ಕರೆಂಟಿನ ಹೀಟರ್.

ಫೀನಿಕ್ಸ್‌ನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪ ಸುಮಾರು ಮೈನಸ್ 9. ಅದೂ 1913ರ ಜನವರಿಯಲ್ಲಿ. ಅಂದರೆ ದಾಖಲೆ ಇಟ್ಟಾಗಿನಿಂದ ಈ ಊರಲ್ಲಿ ಡೆಫ್ ಹೆಪ್ಪುಗಟ್ಟುವ ದಿನ ಒಂದೂ ಬಂದಿಲ್ಲ. ಬದಲಿಗೆ 2023ರಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು. ನಿಜ ಹೇಳಬೇಕೆಂದರೆ ಡೆಫ್‌ಗೆ ಇಲ್ಲಿ ಶತ್ರು ಬಿಸಿಲು. 30 ಡಿಗ್ರಿಯಲ್ಲಿ ಒಂದು ವರ್ಷ ಬಾಳುವ ಮಾಲು 35 ಡಿಗ್ರಿಯಲ್ಲಿ ಆರೇ ತಿಂಗಳು. ಆದರೂ ಟ್ಯಾಂಕಿಗೆ ಫ್ರಿಜ್ ಇಲ್ಲ, ಹೀಟರ್ ಇದೆ.

ಈ ಟ್ರಕ್ಕೇ ನಾಳೆ ಮಿನೆಸೋಟಾಗೆ ಹೋಗಬಹುದು, ಅಲ್ಲಿ ಜನವರಿಯಲ್ಲಿ ಹೀಟರ್ ಬೇಕೇ ಬೇಕು, ಒಪ್ಪಿದೆ. ನನ್ನ ತಕರಾರು ಶಿಕ್ಷೆಯದ್ದು. ಡೆಫ್ ವ್ಯವಸ್ಥೆಯಲ್ಲಿ ದೋಷ ಕಂಡರೆ ಟ್ರಕ್ಕಿನ ಕಂಪ್ಯೂಟರ್ ಡ್ರೈವರನ್ನು ಕಳ್ಳ ಅಂದುಕೊಳ್ಳುತ್ತದೆ. ಬೇಕಂತಲೇ ವೈರ್ ಕಿತ್ತಿದ್ದಾನೆ, ಹೊಗೆ ಬಿಡುವ ಹುನ್ನಾರ ಅಂತ. ಮೊದಲು ದೀಪ. ಆಮೇಲೆ ಎಳೆಯುವ ಶಕ್ತಿಗೆ ಕತ್ತರಿ. ಕೊನೆಗೆ ಗಂಟೆಗೆ 5 ಮೈಲಿ, ಅಂದರೆ 8 ಕಿಲೋಮೀಟರ್.

ನಮ್ಮೂರಿನ ಎತ್ತಿನ ಗಾಡಿ ಹೊಟ್ಟೆಕಿಚ್ಚು ಪಡುವ ವೇಗವೇನಲ್ಲ ಇದು. ಹಾಗೆ ನೋಡಿದರೆ ಎತ್ತೇ ವಾಸಿ. ಅದರ ಯೂರಿಯಾ ಟ್ಯಾಂಕು ಮಳೆಗಾಲದಲ್ಲೂ ಬೆಚ್ಚಗಿರುತ್ತದೆ, ಸಿಂಪಡಣೆಗೆ ಕಂಪ್ಯೂಟರಿನ ಅಪ್ಪಣೆ ಕಾಯುವುದಿಲ್ಲ.

ಸರಿ, ಟೋ ಮಾಡಿಸಿ ವರ್ಕ್‌ಶಾಪಿಗೆ ಹಾಕಿದ್ದಾಯಿತು. ಹುಡುಗ ಲ್ಯಾಪ್‌ಟಾಪ್ ಚುಚ್ಚಿದ. ಎಸ್‌ಪಿಎನ್ 4354, ಎಫ್‌ಎಂಐ 5. ಪಂಚಾಂಗದ ಭಾಷೆ ಇದ್ದಂತೆ ಇದು, ಓದಲು ಬರುವವನೇ ಪುರೋಹಿತ. 4354 ಅಂದರೆ ಡೆಫ್ ಪೈಪಿನ ಮೊದಲನೇ ಹೀಟರ್. 5 ಅಂದರೆ ಅಲ್ಲಿ ಹರಿಯಬೇಕಾದಷ್ಟು ಕರೆಂಟ್ ಹರಿಯುತ್ತಿಲ್ಲ, ಅಥವಾ ದಾರಿ ಎಲ್ಲೋ ತುಂಡಾಗಿದೆ. ಗಮನಿಸಿ, ಹೀಟರ್ ಸತ್ತಿದೆ ಅಂತ ಕೋಡ್ ಎಲ್ಲೂ ಹೇಳಿಲ್ಲ. ಮನೆಯಲ್ಲಿ ಬಲ್ಬ್ ಉರಿಯದಿದ್ದರೆ ನಾವು ಮೊದಲು ಸ್ವಿಚ್ ನೋಡುತ್ತೇವೆ, ಅಲ್ವಾ? ಇಲ್ಲಿ ಸೀದಾ ಮನೆಯನ್ನೇ ಕೆಡವುತ್ತಾರೆ.

ಹುಡುಗ ಹೀಟರಿನ ಕನೆಕ್ಟರ್ ಬಿಚ್ಚಿ ಮೀಟರ್ ಇಟ್ಟ. ಸೊನ್ನೆ ವೋಲ್ಟ್. "ಕರೆಂಟೇ ಬರ್ತಿಲ್ಲ" ಅಂದು ರಿಲೇ, ಅಂದರೆ ಹೀಟರಿಗೆ ಕರೆಂಟ್ ಬಿಡುವ ಸ್ವಿಚ್ಚು, ಬದಲಿಸಿದ. ಮತ್ತೆ ಸೊನ್ನೆ. ಬರುವುದಾದರೂ ಹೇಗೆ? 45 ಡಿಗ್ರಿ ಸೆಕೆಯಲ್ಲಿ ಯಾವ ಕಂಪ್ಯೂಟರ್ ತಾನಾಗಿ ಹೀಟರ್ ಹಾಕುತ್ತದೆ? ಅಷ್ಟು ಬುದ್ಧಿ ಅದಕ್ಕಿದೆ. ಲ್ಯಾಪ್‌ಟಾಪಿನಿಂದ "ಹೀಟರ್ ಹಾಕು" ಅಂತ ಆಜ್ಞೆ ಕೊಟ್ಟು ಆಮೇಲೆ ಅಳೆಯಬೇಕು. ಅದು ಹುಡುಗನಿಗೆ ಹೊಳೆಯಲಿಲ್ಲ. ಹೀಟರ್ ಸಮೇತ ಪೈಪನ್ನೇ ಹೊಸದು ಹಾಕಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬಿಲ್ಲು ನಾಲ್ಕಂಕಿ ಮುಟ್ಟಿತು, ಡಾಲರಿನಲ್ಲಿ. ಟ್ರಕ್ಕು ಅಂಗಳ ದಾಟುವಷ್ಟರಲ್ಲಿ ದೀಪ ಮತ್ತೆ ಹತ್ತಿತು. ಅದೇ 4354, ಅದೇ 5.

ಮೂರನೇ ದಿನ ಇನ್ನೊಂದು ಕಡೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಸಿಕ್ಕಿದ. ಅವನು ಮೊದಲು ಮಾಡಿದ ಕೆಲಸ ಕೇಳಿ. ಗೆಳೆಯ ಹಟಕ್ಕೆ ಬಿದ್ದು ಎತ್ತಿಕೊಂಡು ಬಂದಿದ್ದ ಹಳೇ ಪೈಪಿನ ಎರಡು ಪಿನ್ನಿಗೆ ವಿದ್ಯುತ್ ತಡೆ ಅಳೆಯುವ ಓಮ್ ಮೀಟರ್ ಇಟ್ಟ. ಕೈಪಿಡಿಯಲ್ಲಿ ಹೇಳಿದಷ್ಟೇ ಓಮ್. ಕಸಕ್ಕೆ ಹೋಗಬೇಕಿದ್ದ ಹೀಟರ್ ಗಟ್ಟಿಮುಟ್ಟಾಗಿತ್ತು! ಆಮೇಲೆ ಲ್ಯಾಪ್‌ಟಾಪಿನಿಂದ ಆಜ್ಞೆ ಕೊಟ್ಟು ಕನೆಕ್ಟರಿನಲ್ಲಿ ಅಳೆದ. ಮೀಟರ್ 12 ವೋಲ್ಟ್ ತೋರಿಸಿತು. ಅಲ್ಲಿಗೆ ನಿಲ್ಲಲಿಲ್ಲ. ಅದೇ ಜಾಗಕ್ಕೆ ಹೆಡ್‌ಲೈಟಿನ ಬಲ್ಬೊಂದನ್ನು ಸಿಕ್ಕಿಸಿದ. ಬಲ್ಬ್ ಮಿಣುಕ್ ಅಂತಲೂ ಅನ್ನಲಿಲ್ಲ. ಮೀಟರಿಗೆ ಹೇಳಿಕೊಳ್ಳುವಂಥ ಕರೆಂಟ್ ಬೇಡ, ಒಂದೆಳೆ ತಾಮ್ರ ಉಳಿದಿದ್ದರೂ 12 ತೋರಿಸುತ್ತದೆ. ಬಲ್ಬಿಗೆ ನಿಜವಾದ ಕರೆಂಟ್ ಬೇಕು. ಚುನಾವಣೆ ಭಾಷಣಕ್ಕೂ ಕೆಲಸಕ್ಕೂ ಇರುವ ವ್ಯತ್ಯಾಸ ಅನ್ನಿ.

ಮುದುಕ ವೈರ್ ಹಿಡಿದುಕೊಂಡು ಹಿಂದಕ್ಕೆ ಹೋದ. ಚಾಸಿ ಪಕ್ಕ ಇನ್ನೊಂದು ಕನೆಕ್ಟರ್. ಬಾಯಿ ಸುತ್ತ ಬಿಳೀ ಪುಡಿ, ಕಲ್ಲುಪ್ಪಿನ ಭರಣಿಯ ಅಂಚಿನ ಹಾಗೆ. ಡೆಫ್ ತಾಮ್ರವನ್ನು ತಿನ್ನುತ್ತದೆ. ಎಲ್ಲೋ ಒಂದು ಹನಿ ಸೋರಿದರೂ ವೈರಿನ ಒಳಗೇ ತೆವಳಿಕೊಂಡು ಹೋಗುತ್ತದೆ. ಕನೆಕ್ಟರ್ ಎಳೆದಾಗ ಒಂದು ಪಿನ್ ಹಸಿರಾಗಿ, ಪುಡಿಪುಡಿಯಾಗಿ ಅವನ ಬೆರಳಿಗೇ ಬಂತು. ಕೆಟ್ಟಿದ್ದು ಅಷ್ಟೇ. ಕಡಲೆಕಾಳಿಗಿಂತ ಚಿಕ್ಕ ಪಿನ್ನು.

ಮುಂದಿನ ತಿಂಗಳು ಸರ್ಕಾರಕ್ಕೂ ಜ್ಞಾನೋದಯವಾಯಿತು. ಆಗಸ್ಟ್ 12ರಂದು ಪರಿಸರ ಇಲಾಖೆಯ ಮುಖ್ಯಸ್ಥ ಲೀ ಜೆಲ್ಡಿನ್ ಅಯೋವಾದ ಜಾತ್ರೆಯಲ್ಲಿ ನಿಂತು, ಟ್ರಕ್ಕುಗಳು ಹೀಗೆ ಥಟ್ಟಂತ ನಿಲ್ಲಬಾರದು, ಕಂಪನಿಗಳು ಸಾಫ್ಟ್‌ವೇರ್ ಬದಲಿಸಲಿ ಅಂದರು. ಹೊಸ ಸಲಹೆಯಂತೆ ದೊಡ್ಡ ಟ್ರಕ್ಕುಗಳಿಗೆ ದೋಷ ಕಂಡು 4,200 ಮೈಲಿ ಓಡಿದ ಮೇಲೆ ಶಕ್ತಿಗೆ ಸಣ್ಣ ಕತ್ತರಿ, 8,400 ಮೈಲಿ ಆದಮೇಲೆ ಗಂಟೆಗೆ 25 ಮೈಲಿಯ ಮಿತಿ. ಸುಮ್ನೆ ನಿಂತುಬಿಡುವುದು ತಪ್ಪು ಅಂತ ತಿಳಿಯಲು 15 ವರ್ಷ ಹಿಡಿಯಿತು. ಮಾಲಿನ್ಯ ಬೇಡ ಅಂದವರೂ ಡ್ರೈವರಿನ ಹೊಟ್ಟೆ ನೋಡಲಿಲ್ಲ, ಈಗ ಡ್ರೈವರಿನ ಹೊಟ್ಟೆ ಅನ್ನುವವರಿಗೆ ಹೊಗೆಯ ಚಿಂತೆ ಎಷ್ಟಿದೆಯೋ.

ನಾವು ಬೀಗುವುದೂ ಬೇಡ. 2020ರ ಏಪ್ರಿಲ್‌ನಿಂದ ಭಾರತದಲ್ಲೂ ಬಿಎಸ್-6 ಎಂಬ ಹೊಗೆ ನಿಯಮ ಬಂದು, ನಮ್ಮ ಹೆದ್ದಾರಿಗಳ ಪಕ್ಕದಲ್ಲೂ ಡೆಫ್ ಬಕೆಟ್‌ಗಳು ಸಾಲಾಗಿ ಕೂತಿವೆ. ಗದ್ದೆಗೆ ಹಾಕುವ ಬೇವು ಲೇಪಿತ ಯೂರಿಯಾವನ್ನು ನೀರಿಗೆ ಕದಡಿ ಮಾರುವ ಪುಣ್ಯಾತ್ಮರೂ ಇದ್ದಾರೆ. ಹೊಗೆಗೆ ಆಯುರ್ವೇದ!

ಅಂದಹಾಗೆ, ಟ್ರಕ್ ರಿಪೇರಿ ಆದ ದಿನ ನಾನೂ ಗೆಳೆಯನ ಜೊತೆ ಹತ್ತಿದೆ. ದೀಪ ಆರಿತ್ತು. ಹೊರಗೆ 46 ಡಿಗ್ರಿ. ಎಸಿ ತಿರುಗಿಸಿದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂಥ ಗಾಳಿ. ಯಾಕೋ ಅಂದೆ.

"ಎಸಿ ಹೋಗಿ ಹದಿನೈದು ದಿನ ಆಯ್ತು" ಅಂದ, ಬೆವರು ಒರೆಸಿಕೊಂಡು ಗೇರ್ ಹಾಕುತ್ತಾ. "ಅದಕ್ಕೆ ಗಾಡಿ ಏನೂ ನಿಲ್ಲಲ್ಲ ಬಿಡು."