ಸ್ಕಿಮ್ಮರ್‌ಗೆ ಕೈ ಹಚ್ಚುವ ಚಟ

ಉಪ್ಪುನೀರಿನ ಅಕ್ವೇರಿಯಂ ಇರುವ ಮನೆಯಲ್ಲಿ ಬಂದವರೆಲ್ಲ ಕ್ಲೌನ್‌ಫಿಶ್ ನೋಡುತ್ತಾರೆ. ಯಜಮಾನರು ಮಾತ್ರ ಟ್ಯಾಂಕಿನ ಕೆಳಗಿನ ಕಬೋರ್ಡ್ ತೆಗೆದು, ಮಂಡಿಯೂರಿ, ಮೊಬೈಲ್ ಟಾರ್ಚ್ ಹಿಡಿದು ಒಂದು ಪ್ಲಾಸ್ಟಿಕ್ ಕಪ್ಪಿನೊಳಗೆ ಇಣುಕುತ್ತಿರುತ್ತಾರೆ. ಅದರ ತಳದಲ್ಲಿ ಗಟ್ಟಿ ಡಿಕಾಕ್ಷನ್ ಬಣ್ಣದ, ನಾಲ್ಕು ಮನೆಗೆ ನಾರುವ ರಸ ನಿಂತಿದ್ದರೆ ಆ ದಿನ ಅವರ ಮುಖದಲ್ಲಿ ಕಳೆ. ಕಪ್ ಒಣಗಿದ್ದರೆ ಊಟ ಸೇರುವುದಿಲ್ಲ.

ಪ್ರೋಟೀನ್ ಸ್ಕಿಮ್ಮರ್ ಮಾಡುವ ಕೆಲಸ ಇಷ್ಟೇ: ಪಂಪಿನ ಮುಳ್ಳುಚಕ್ರ ಗಾಳಿಯನ್ನು ಪುಡಿಪುಡಿ ಮಾಡಿ ನೀರಿಗೆ ಬೆರೆಸುತ್ತದೆ, ಮೀನಿನ ಲೋಳೆ, ಮಿಕ್ಕ ಆಹಾರದ ಪ್ರೋಟೀನ್, ಜಿಡ್ಡು ಗುಳ್ಳೆಗಳ ಮೈಗೆ ಅಂಟಿಕೊಂಡು ಮೇಲೇರುತ್ತವೆ, ಕಿರಿದಾದ ಕತ್ತಿನಲ್ಲಿ ನೊರೆಯಾಗಿ, ಉಕ್ಕಿ ಕಪ್ಪಿಗೆ ಬೀಳುತ್ತವೆ. ಕೊಳೆತು ಅಮೋನಿಯಾ, ನೈಟ್ರೇಟ್ ಆಗುವ ಮೊದಲೇ ಕಸ ಆಚೆ ಹೋಗಬೇಕು ಎಂಬುದು ಲೆಕ್ಕ. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದಪ್ಪವಾಗಿ ಒಡೆದುಬಿಡುತ್ತವೆ, ಹಾಗಾಗಿ ಗೋಲ್ಡ್‌ಫಿಶ್ ಸಾಕುವವರಿಗೆ ಈ ಸುಖ ಇಲ್ಲ.

ಕೂರಿಸುವುದರಲ್ಲಿ ಮುಖ್ಯವಾದದ್ದು ನೀರಿನ ಆಳ. ಸಂಪ್‌ನೊಳಗೆ, ಅಂದರೆ ಟ್ಯಾಂಕಿನ ಕೆಳಗಿನ ಕಬೋರ್ಡಿನಲ್ಲಿರುವ ಎರಡನೇ ತೊಟ್ಟಿಯೊಳಗೆ, ನಿಲ್ಲುವ ಸ್ಕಿಮ್ಮರ್‌ಗಳು ಸಾಮಾನ್ಯವಾಗಿ 18ರಿಂದ 23 ಸೆಂ.ಮೀ. ನೀರು ಕೇಳುತ್ತವೆ, ನಿಮ್ಮದಕ್ಕೆ ಎಷ್ಟು ಬೇಕು ಎಂಬುದು ಅದರ ಡಬ್ಬಿಯೊಳಗಿನ ಚೀಟಿಯಲ್ಲಿ ಇರುತ್ತದೆ, ಆ ಚೀಟಿ ಮೊದಲ ದಿನವೇ ಕಸದ ಬುಟ್ಟಿಯಲ್ಲಿ ಇರುತ್ತದೆ. ಆಳ ಹೆಚ್ಚಾದರೆ ಒಳಗಿನ ಮಟ್ಟವೂ ಏರಿ ಬರೀ ನೀರು ಉಕ್ಕುತ್ತದೆ, ಕಡಿಮೆಯಾದರೆ ನೊರೆ ಕತ್ತಿನ ಅರ್ಧಕ್ಕೇ ಸುಸ್ತಾಗಿ ನಿಲ್ಲುತ್ತದೆ. ಸಂಪ್‌ನ ಆಳ ಜಾಸ್ತಿ ಇದ್ದರೆ ಕೆಳಗೆ ಅಕ್ರಿಲಿಕ್ ಪೀಠ ಕೊಡಿ. ಬೇಸಿಗೆಯಲ್ಲಿ ನೀರು ಆವಿಯಾಗಿ ಮಟ್ಟ ದಿನದಿನಕ್ಕೂ ಇಳಿಯುವುದರಿಂದ, ಸಂಪ್‌ನೊಳಗೆ ಅಡ್ಡಗಾಜು ಹಾಕಿ ಮಟ್ಟ ಬದಲಾಗದಂತೆ ಮಾಡಿದ ಕೋಣೆಯಲ್ಲೇ ಸ್ಕಿಮ್ಮರ್ ನಿಲ್ಲಬೇಕು. ಇಲ್ಲವಾದರೆ ಬೆಳಿಗ್ಗೆ ಕೂಡಿಸಿದ ಲೆಕ್ಕ ಸಂಜೆಗೆ ಸುಳ್ಳು.

ಇನ್ನು ಟ್ಯೂನಿಂಗ್. ಹೊಸ ಸ್ಕಿಮ್ಮರ್‌ನ ಮೈಯಲ್ಲಿ ಕಾರ್ಖಾನೆಯ ಎಣ್ಣೆಯ ಪಸೆ ಇರುತ್ತದೆ. ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಒಂದೆರಡು ಗಂಟೆ ಓಡಿಸಿ ತೊಳೆದರೂ, ಒಳಗೋಡೆಗೆ ಲೋಳೆಪದರ ಕೂತು ಯಂತ್ರ ಪಳಗಲು ಮೂರು ದಿನದಿಂದ ಎರಡು ವಾರ ಬೇಕು. ಅಲ್ಲಿಯವರೆಗೆ ಒಂದೋ ನೊರೆಯೇ ಬರುವುದಿಲ್ಲ, ಇಲ್ಲವೇ ಸುಮ್ಮಸುಮ್ಮನೆ ಉಕ್ಕುತ್ತದೆ. ಆಗ ಮಾಡಬೇಕಾದದ್ದು: ಹೊರದಾರಿಯ ವಾಲ್ವ್ ಪೂರ್ತಿ ತೆರೆದು, ಕಬೋರ್ಡಿನ ಬಾಗಿಲು ಮುಚ್ಚಿ, ಆಫೀಸಿಗೆ ಹೋಗುವುದು. ಆಗುವುದು: ಬೆಳಿಗ್ಗೆ ನೊರೆ ಇಲ್ಲ, ಕಾಲು ಸುತ್ತು ಮುಚ್ಚು, ತಿಂಡಿ ಮುಗಿದರೂ ಇಲ್ಲ, ಇನ್ನರ್ಧ ಮುಚ್ಚು, ಸ್ನಾನ ಮುಗಿಸಿ ಬಂದು ಇನ್ನೊಂದಿಷ್ಟು. ಮೂರು ಸಲ ತಿರುಗಿಸಿದ್ದರ ಫಲ ರಾತ್ರಿ ಎರಡು ಗಂಟೆಗೆ ಒಟ್ಟಿಗೇ ಬರುತ್ತದೆ. ವಾಲ್ವ್ ಮುಚ್ಚಿದಷ್ಟೂ ಒಳಗಿನ ನೀರು ಏರಿ ತೆಳು ಕಷಾಯ ಹೊರಬೀಳುತ್ತದೆ, ತೆರೆದಷ್ಟೂ ನೊರೆ ಒಣಗಿ ಗಟ್ಟಿ ರಸ ಬರುತ್ತದೆ. ಪಳಗಿದ ಮೇಲೆ ನೀರು ನೊರೆಯಾಗುವ ಗೆರೆ ಕತ್ತಿನ ಬುಡದಲ್ಲಿ ಕಾಣುವಂತೆ ಇಟ್ಟುಕೊಳ್ಳಿ. ಆಮೇಲೆ ತಿರುಗಿಸಲೇಬೇಕೆಂದರೆ ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಫಲ ನೋಡುವುದು ಮರುದಿನ.

ಪಳಗಿದ ಯಂತ್ರಕ್ಕೂ ಪಿತ್ತ ಕೆರಳುವ ಸಂದರ್ಭಗಳಿವೆ. ಹವಳ ಅಂಟಿಸುವ ಎಪಾಕ್ಸಿ, ಕ್ಲೋರಿನ್ ತೆಗೆಯುವ ದ್ರಾವಣ, ಮೀನಿನ ಔಷಧ, ಕಪ್ ತೊಳೆದಾಗ ಉಳಿದ ಸೋಪಿನ ಪಸೆ, ಇವುಗಳಲ್ಲಿ ಯಾವುದು ನೀರಿಗೆ ಬಿದ್ದರೂ ಒಂದೆರಡು ದಿನ ಉಕ್ಕು. ಇದಕ್ಕೆ ತದ್ವಿರುದ್ಧ, ಎಣ್ಣೆಯಂಶದ ಫ್ರೋಜನ್ ಆಹಾರ ಹಾಕಿದಾಗಲೋ, ಕ್ರೀಮ್ ಹಚ್ಚಿದ ಕೈ ಟ್ಯಾಂಕಿಗೆ ಇಳಿಸಿದಾಗಲೋ ನೊರೆ ಒಮ್ಮೆಲೇ ಕುಸಿದು ಹೋಗುತ್ತದೆ. ಕೆಲವು ಗಂಟೆ ಬಿಟ್ಟರೆ ತಾನೇ ಬರುತ್ತದೆ. ಬಿಡುವವರು ಯಾರು? ವಾಲ್ವಿಗೆ ಮತ್ತೆ ಕೈ.

ನಿಜವಾದ ಅನಾಹುತ ಮಾತ್ರ ಕಪ್ಪಿಗೆ ಪೈಪು ಸಿಕ್ಕಿಸಿ ಹೊರಗಿನ ಬಾಟಲಿಗೆ ಬಿಡುವ ಜಾಣರದ್ದು. 200 ಲೀಟರ್ ವ್ಯವಸ್ಥೆ, ಪಕ್ಕದಲ್ಲಿ ಆವಿಯಾದಷ್ಟು ನೀರನ್ನು ತಾನೇ ತುಂಬುವ ಆಟೋ ಟಾಪ್-ಅಪ್‌ಗೆ 20 ಲೀಟರ್ ಆರ್‌ಒ ನೀರಿನ ಕ್ಯಾನ್, ಇನ್ನೊಂದು ಪಕ್ಕದಲ್ಲಿ ಸ್ಕಿಮ್ಮರ್‌ನ ಕಸಕ್ಕೆ 5 ಲೀಟರ್ ಬಾಟಲಿ. ರಾತ್ರಿ ಸ್ಕಿಮ್ಮರ್ ಉಕ್ಕತೊಡಗಿತು ಅನ್ನಿ. ಉಪ್ಪುನೀರು ಹೊರಗೆ ಹೋಗುತ್ತದೆ, ಮಟ್ಟ ಇಳಿಯಿತೆಂದು ಟಾಪ್-ಅಪ್ ಪ್ರಾಮಾಣಿಕವಾಗಿ ಸಿಹಿನೀರು ತುಂಬುತ್ತದೆ, ಮಟ್ಟ ಸರಿಯಿದೆಯೆಂದು ಸ್ಕಿಮ್ಮರ್ ಮತ್ತೆ ಉಕ್ಕುತ್ತದೆ. ಇಬ್ಬರ ಕೆಲಸದಲ್ಲೂ ತಪ್ಪು ಹುಡುಕುವಂತಿಲ್ಲ. ಕ್ಯಾನ್ ಖಾಲಿಯಾಗುವಷ್ಟರಲ್ಲಿ 35 ಪಿಪಿಟಿ (ಸಾವಿರಕ್ಕೆ 35 ಪಾಲು) ಇದ್ದ ಲವಣಾಂಶ 31.5ರ ಆಸುಪಾಸಿಗೆ ಬಂದಿರುತ್ತದೆ, ಬಾಟಲಿ ಹಿಡಿಯದ 15 ಲೀಟರ್ ಸೋಫಾದ ಕಾಲಿನ ಬುಡದಲ್ಲಿರುತ್ತದೆ. ಹವಳಗಳ ಮುನಿಸು ಒಂದು ಕಡೆ, ಮನೆಯವರದ್ದು ಇನ್ನೊಂದು ಕಡೆ. ಪಳಗುವ ತನಕ ಪೈಪಿನ ಬಾಯಿಗೆ ಬಿರಡೆ ಇರಲಿ, ಉಕ್ಕಿದ್ದು ಮರಳಿ ಸಂಪಿಗೇ ಬೀಳುತ್ತದೆ. ಕೊಳೆ ವಾಪಸಾಯಿತೆಂಬ ಬೇಸರ ಬಿಟ್ಟರೆ ನಷ್ಟವಿಲ್ಲ. ಆಮೇಲೆ ಕಸದ ಬಾಟಲಿಯೊಳಗೆ ಫ್ಲೋಟ್ ಸ್ವಿಚ್ ಹಾಕಿ, ತುಂಬಿದೊಡನೆ ಸ್ಕಿಮ್ಮರ್‌ನ ಕರೆಂಟ್ ಕಡಿಯುವಂತೆ ಮಾಡಿ.

ಕರೆಂಟ್ ಎಂದಾಗ ನೆನಪಾಗುವುದು ಬೆಂಗಳೂರಿನ ಮಳೆಗಾಲದ ಸಂಜೆ. ಲೈನ್ ಹೋದ ಕೂಡಲೇ ಮೇಲಿನ ಟ್ಯಾಂಕಿನ ಹೆಚ್ಚುವರಿ ನೀರು ಸಂಪಿಗೆ ಇಳಿದು ಮಟ್ಟ ಏರುತ್ತದೆ. ಕರೆಂಟ್ ಬಂದಾಗ ಎಲ್ಲ ಪಂಪೂ ಒಟ್ಟಿಗೆ ಶುರು. ನೀರು ಮೇಲೇರುವ ಮೊದಲೇ ಸ್ಕಿಮ್ಮರ್ ತನ್ನ ಕಪ್ ತುಂಬಿಸಿಕೊಂಡಿರುತ್ತದೆ. ಹತ್ತು ನಿಮಿಷ ತಡವಾಗಿ ಆನ್ ಆಗುವ ಡಿಲೇ ಪ್ಲಗ್ ಸಾಕು. ಇನ್ವರ್ಟರ್‌ಗೆ ಹಾಕುವುದಿದ್ದರೆ ಸ್ಕಿಮ್ಮರ್ ಬದಲು ನೀರು ತಿರುಗಿಸುವ ಪಂಪನ್ನು ಹಾಕಿ.

ಕತ್ತಿನ ಒಳಗೋಡೆಗೆ ಜಿಡ್ಡು ಕಟ್ಟಿದರೆ ನೊರೆ ಏರದು, ಎರಡು ಮೂರು ದಿನಕ್ಕೊಮ್ಮೆ ಒರೆಸಿ. ಪಂಪನ್ನು ಕೆಲವು ತಿಂಗಳಿಗೊಮ್ಮೆ ವಿನೆಗರ್‌ನಲ್ಲಿ ನೆನೆಸಿ. ಗಾಳಿ ಹೀರುವ ಗೊರಗೊರ ಸದ್ದು ಇದ್ದಕ್ಕಿದ್ದಂತೆ ನಿಂತರೆ ಮನೆಯಲ್ಲಿ ಎಲ್ಲರಿಗೂ ನೆಮ್ಮದಿ, ಆದರೆ ಅದು ಗಾಳಿಕೊಳವೆಯ ಬಾಯಲ್ಲಿ ಉಪ್ಪು ಕಟ್ಟಿರುವ ಲಕ್ಷಣ. ಪಂಪ್ ಓಡುತ್ತಿರುವಾಗಲೇ ಕೊಳವೆಯ ತುದಿಯನ್ನು ಬೆಚ್ಚಗಿನ ಆರ್‌ಒ ನೀರಿನ ಲೋಟಕ್ಕೆ ಅದ್ದಿ, ಎರಡು ಚಮಚದಷ್ಟು ಹೀರಲು ಬಿಡಿ. ಉಪ್ಪು ಕರಗಿ ಗೊರಗೊರ ಮತ್ತೆ ಶುರುವಾಗುತ್ತದೆ, ಹಾಲ್‌ನಲ್ಲಿ ಯಾರೋ ಟಿವಿ ವಾಲ್ಯೂಮ್ ಏರಿಸುತ್ತಾರೆ.