ಬೆಣೆ ಕಿತ್ತ ಭಾನುವಾರ

ಮುರಿಯುವಾಗ ದೊಡ್ಡ ಸದ್ದೇನೂ ಆಗಲಿಲ್ಲ. ಬಾಯಲ್ಲಿ ಕೋಡುಬಳೆ ಮುರಿದರೆ ಬರುತ್ತದಲ್ಲ, ಅಷ್ಟೇ. ಅದಕ್ಕೇ ಮೊದಲು ನನಗೆ ಸಂತೋಷವಾಯಿತು. ಆರು ವರ್ಷದಿಂದ ಕಾರಿನಲ್ಲಿ ಜಗ್ಗದೆ ಕೂತಿದ್ದ ಸ್ಪಾರ್ಕ್ ಪ್ಲಗ್ಗು ಕೊನೆಗೂ ಸಡಿಲವಾಯಿತು ಅಂದುಕೊಂಡು ಪಾನಾ ಮೇಲೆತ್ತಿದೆ. ಪಾನಾದೊಳಗೆ ಪ್ಲಗ್ಗಿನ ತಲೆ ಬಂತು. ಸೊಂಟದ ಕೆಳಗಿನದು ಎಂಜಿನ್ನಿನಲ್ಲೇ ಉಳಿಯಿತು.

ನಮ್ಮದು 1997ರ ಮಾರುತಿ 800. ಮೂರು ಸಿಲಿಂಡರು, 796 ಸಿಸಿ, ಒಂದೊಂದು ಸಿಲಿಂಡರಿನ ಪೆಟ್ರೋಲಿಗೂ ಕಿಡಿ ಹಚ್ಚಲು ಒಂದೊಂದರಂತೆ ಮೂರು ಪ್ಲಗ್ಗು. ಮನೆಯಲ್ಲಿ ಅದನ್ನು ಕಾರು ಎಂದು ಕರೆಯುವವನು ನಾನೊಬ್ಬನೇ. ಮಗಳಿಗೆ ಅದು ಡಬ್ಬಿ. ಕೆಲವು ದಿನದಿಂದ ಸಿಗ್ನಲ್ಲಿನಲ್ಲಿ ನಿಂತಾಗ ಮಿಸ್ ಹೊಡೆಯುತ್ತಿತ್ತು. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಒಂದು ಕೈಕೊಟ್ಟರೆ ಉಳಿದ ಮೂರು ಹೇಗೋ ಸಂಭಾಳಿಸುತ್ತವೆ. ಮೂರರಲ್ಲಿ ಒಂದು ಕೈಕೊಟ್ಟರೆ ಗಾಡಿ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತದೆ. ಪ್ಲಗ್ ಬದಲಾಯಿಸುವುದು ಏನು ಮಹಾ ಎಂದು ಜೆ.ಸಿ. ರಸ್ತೆಯಿಂದ ಹೊಸ ಮೂರು ಪ್ಲಗ್ ತಂದಿಟ್ಟುಕೊಂಡೆ. ಭಾನುವಾರ ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಂದೆ. ಗಾಡಿ ನಿಲ್ಲಿಸಿದ್ದೇ ತಡ, ಬಾನೆಟ್ ಎತ್ತಿದೆ. ಒಂದನೆಯದು ಬಂತು. ಮೂರನೆಯದು ಗೊಣಗುತ್ತಾ ಬಂತು. ಮಧ್ಯದ್ದು ಮಾತ್ರ ಬರಲೊಲ್ಲದು. ಪ್ಲಗ್ ಪಾನಾದ ತೂತಿಗೆ ಹಾಕುವ ಟಾಮಿ ರಾಡು ಒಂದು ಗೇಣು ಉದ್ದ. ಅದು ಸಾಲದೆಂದು ಬೋರ್‌ವೆಲ್ ರಿಪೇರಿಯಲ್ಲಿ ಉಳಿದಿದ್ದ ಎರಡಡಿ ಜಿಐ ಪೈಪು ಹುಡುಕಿ ತಂದು, ರಾಡಿಗೆ ಸಿಕ್ಕಿಸಿ, ಮೈಭಾರವನ್ನೆಲ್ಲ ಬಿಟ್ಟೆ. ಆಗ ಕೇಳಿಸಿದ್ದೇ ಆ ಕೋಡುಬಳೆಯ ಸದ್ದು.

ಸ್ಪಾರ್ಕ್ ಪ್ಲಗ್ಗಿಗೆ ಕನ್ನಡದಲ್ಲಿ 'ಕಿಡಿಬೆಣೆ' ಅನ್ನಬಹುದು ಎಂದು ಹಿಂದೊಮ್ಮೆ ಗೆಳೆಯರ ಮುಂದೆ ಜಂಬದಿಂದ ಹೇಳಿದ್ದೆ. ಯಾರೂ ಒಪ್ಪಿರಲಿಲ್ಲ. ಈಗ ತಲೆ ಹೋದ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನಿಂತಾಗ ಆ ಪದ ಎಷ್ಟು ಸರಿ ಅನ್ನಿಸಿತು. ಅರ್ಧ ಕೊಯ್ದ ಮರದ ದಿಮ್ಮಿಯ ಮೇಲೆ ಕೂತು, ಬಡಗಿಗಳು ಊಟಕ್ಕೆ ಹೋದ ಹೊತ್ತಲ್ಲಿ ಬೆಣೆ ಕೀಳಲು ಹೋದ ಕೋತಿಯ ಕಥೆ ಚಿಕ್ಕಂದಿನಲ್ಲಿ ಯಾರು ಕೇಳಿಲ್ಲ? ಒಂದೇ ವ್ಯತ್ಯಾಸ. ಆ ಕೋತಿ ಬೆಣೆಯನ್ನು ಪೂರ್ತಿ ಕಿತ್ತಿತ್ತು.

ಪಕ್ಕದ ಮನೆಯ ರಾಯರು ಕಾಂಪೌಂಡಿನ ಆಚೆಯಿಂದ ಎಲ್ಲ ನೋಡುತ್ತಿದ್ದರು. ರಾಯರು ಮೈಕೋದಲ್ಲಿದ್ದವರು. ಬೆಂಗಳೂರಿನಲ್ಲಿ ಹಳೇ ಕಾಲದವರಿಗೆ ಈ ಮಾತು ಸಾಕು. ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್, ಮೈಕೋ ಎಂದರೆ ಕಣ್ಣುಮುಚ್ಚಿ ಹೆಣ್ಣು ಕೊಡುತ್ತಿದ್ದ ಕಾಲವೊಂದಿತ್ತು. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ರಾಯರ ಬಾಯಲ್ಲಿ ಮಾತ್ರ ಇವತ್ತಿಗೂ ಅದು ಮೈಕೋನೇ, ಪ್ಲಗ್ಗು ಎಂದರೂ ಮೈಕೋ ಪ್ಲಗ್ಗೇ. ಆಡುಗೋಡಿಯ ಆ ಗೇಟಿನೊಳಗೆ ಮೂವತ್ತೊಂದು ವರ್ಷ ಹೋಗಿ ಬಂದವರು. ಕೆಲಸ ಮಾಡಿದ್ದು ಅಕೌಂಟ್ಸ್ ವಿಭಾಗದಲ್ಲಿ ಎಂಬುದನ್ನು ನಾವು ಯಾರೂ ಎತ್ತಿ ಆಡುವುದಿಲ್ಲ.

"ಬಿಸಿ ಇದ್ದಾಗಲೇ ತೆಗೀಬೇಕಾಗಿದ್ದು ಕಣ್ರೀ," ಅಂದರು. "ಉಪ್ಪಿನಕಾಯಿ ಬಾಟ್ಲಿ ಮುಚ್ಚಳಕ್ಕೆ ಬಿಸಿನೀರು ಬಿಡಲ್ವೇ?"

"ಬಿಸಿ ಇದ್ದಾಗಲೇ ತೆಗೆದದ್ದು ರಾಯರೇ."

"ಹಾಗಾದ್ರೆ ತಣ್ಣಗಾದ ಮೇಲೆ ತೆಗೀಬೇಕಿತ್ತು."

ಇದರಲ್ಲಿ ಎರಡನೆಯ ಮಾತೇ ನಿಜ. ಎಂಜಿನ್ನಿನ ಹೆಡ್ಡು, ಅಂದರೆ ಪ್ಲಗ್ಗು ಕೂರುವ ಮೇಲ್ಭಾಗ, ಅಲ್ಯೂಮಿನಿಯಮ್ಮು; ಪ್ಲಗ್ಗಿನ ಹೊರಮೈ ಉಕ್ಕು. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಹೆಚ್ಚುಕಮ್ಮಿ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ಹಿಗ್ಗಿದರೆ ತೂತು ದೊಡ್ಡದಾಗಬೇಕಲ್ಲ ಎಂಬ ರಾಯರ ಉಪ್ಪಿನಕಾಯಿ ತರ್ಕ ಕಾಗದದ ಮೇಲೆ ಸರಿಯೇ. ಆದರೆ ಬಿಸಿ ಅಲ್ಯೂಮಿನಿಯಂ ಮೆತ್ತಗೂ ಆಗುತ್ತದೆ. ಬಲವಾಗಿ ತಿರುಗಿಸಿದರೆ ಅದರ ಥ್ರೆಡ್ಡು, ಅಂದರೆ ತೂತಿನೊಳಗಿನ ತಿರುಪು, ಪ್ಲಗ್ಗಿಗೆ ಅಂಟಿಕೊಂಡು ಕಿತ್ತು ಬರುತ್ತದೆ. ಉಪ್ಪಿನಕಾಯಿ ಬಾಟ್ಲಿಗೆ ರಿಪೇರಿಗೆಂದು ಹೆಡ್ ಬಿಚ್ಚಿ ಇಳಿಸುವ ಭಯವಿಲ್ಲ, ಕಾರಿಗಿದೆ.

ಈ ಪ್ಲಗ್ಗು ಮುರಿದದ್ದು ಆ ಭಾನುವಾರವಲ್ಲ ಎಂದು ನನಗಾಗಲೇ ಒಳಗೊಳಗೆ ಗೊತ್ತಿತ್ತು. ಮುರಿದದ್ದು ಆರು ವರ್ಷದ ಹಿಂದೆ, ಹಾಕಿದ ದಿನವೇ. ಈ ಅಳತೆಯ ಹೊಸ ಪ್ಲಗ್ಗನ್ನು ಬೆರಳಲ್ಲೇ ತಿರುಗಿಸಿ ತಳ ಮುಟ್ಟಿಸಿ, ಆಮೇಲೆ ಪಾನಾದಿಂದ ಅರ್ಧ ಸುತ್ತು ಬಿಗಿಸಿದರೆ ಮುಗಿಯಿತು. ಬೇಕಾದ ಬಲ ಸುಮಾರು 25 ನ್ಯೂಟನ್ ಮೀಟರ್. ಒಂದಡಿ ಹಿಡಿಯ ತುದಿಗೆ ಎಂಟು ಕೇಜಿ ಅಕ್ಕಿಚೀಲ ತೂಗುಹಾಕಿದಷ್ಟು. ನಾನು ಅಂದು ಅರ್ಧ ಸುತ್ತು ಬಿಗಿಸಿದ ಮೇಲೆ, ದಾರಿಯಲ್ಲಿ ಕಳಚಿಬಿದ್ದರೆ ಏನು ಗತಿ ಎಂದು ಇದೇ ಜಿಐ ಪೈಪು ಸಿಕ್ಕಿಸಿ ಮಧ್ಯದ್ದಕ್ಕೆ ಇನ್ನೊಂದು ಕಾಲು ಸುತ್ತು ಕೊಟ್ಟಿದ್ದೆ. ನಮ್ಮ ಮನೆಯಲ್ಲಿ ನಲ್ಲಿ, ಕುಕ್ಕರಿನ ಹಿಡಿ, ಗ್ಯಾಸಿನ ರೆಗ್ಯುಲೇಟರು, ಎಲ್ಲಕ್ಕೂ ನನ್ನ ಕೈಯ ಆ ಕಾಲು ಸುತ್ತು ಹೆಚ್ಚಿಗೆ ಸಿಕ್ಕಿದೆ. ನಾನು ಮುಚ್ಚಿದ ಡಬ್ಬವನ್ನು ತೆಗೆಯಲು ಮನೆಯವರು ನನ್ನನ್ನೇ ಕರೆಯಬೇಕು. ಅದನ್ನು ಇಷ್ಟು ದಿನ ಗೌರವ ಎಂದುಕೊಂಡಿದ್ದೆ.

ಪಾಪ, ಆ ಪ್ಲಗ್ಗು ದುಡಿದದ್ದನ್ನು ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಂಜಿನ್ನು ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗುತ್ತದೆ ಅಂತಿಟ್ಟುಕೊಳ್ಳೋಣ. ಎರಡು ಸುತ್ತಿಗೆ ಒಂದು ಕಿಡಿ. ಅಲ್ಲಿಗೆ ನಿಮಿಷಕ್ಕೆ 1500, ಅಂದರೆ ಕಿಲೋಮೀಟರಿಗೂ 1500. ಆರು ವರ್ಷದಲ್ಲಿ ನಾನು ಓಡಿಸಿದ್ದು ಇಪ್ಪತ್ತು ಸಾವಿರ ಕಿ.ಮೀ. ಎಂದರೆ ಮೂರು ಕೋಟಿ ಕಿಡಿ! ಒಂದು ಮಿಲಿಮೀಟರೂ ಇಲ್ಲದ ಸಂದಿಯಲ್ಲಿ ಪ್ರತಿ ಸಲವೂ ಸಾವಿರಾರು ವೋಲ್ಟಿನ ಮಿಂಚು. ಬಾಷ್ ಕಂಪನಿಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಕಿಡಿಗೆ ಬೇಕಾದ ಕರೆಂಟು ಹುಟ್ಟಿಸುವ ಮ್ಯಾಗ್ನೆಟೋ ಜೊತೆ ಪ್ಲಗ್ಗನ್ನು ಕೂರಿಸಿಕೊಟ್ಟ ಮೇಲೆ ಮೂಲ ರೂಪ ಅಷ್ಟಾಗಿ ಬದಲಾಗಿಲ್ಲ. ಹೊರಗೆ ಉಕ್ಕು, ಒಳಗೆ ಪಿಂಗಾಣಿ, ಅದರೊಳಗೊಂದು ಕಡ್ಡಿ. ಮೂರು ಕೋಟಿ ಸಲ ಬೆಂಕಿ ಕೊಟ್ಟದ್ದಕ್ಕೆ ನಾನು ಕೊಟ್ಟದ್ದು ಜಿಐ ಪೈಪು.

ಗ್ಯಾರೇಜಿನ ಭಾಯ್‌ಗೆ ಫೋನ್ ಮಾಡಿದೆ. ಸಂಜೆ ಸ್ಕೂಟರಿನಲ್ಲಿ ಬಂದರು, ಟಾರ್ಚು ಹಾಕಿ ತೂತಿನೊಳಗೆ ಇಣುಕಿದರು, ಮೂರು ಪ್ರಶ್ನೆ ಕೇಳಿದರು.

"ಬಿಸಿ ಇತ್ತಾ ಸಾರ್?"

"ಸ್ವಲ್ಪ."

"ಹಾಕಿ ಎಷ್ಟು ವರ್ಷ ಆಯ್ತು?"

"ಆರು."

"ಯಾರು ಹಾಕಿದ್ದು?"

"ಯಾರೋ ಹಾಕಿದ್ರು ಭಾಯ್, ನೆನಪಿಲ್ಲ."

"ಇವ್ರೇ ಹಾಕಿದ್ದು," ಅಂತ ಅಡಿಗೆಮನೆ ಕಿಟಕಿಯಿಂದ ಹೆಂಡತಿಯ ದನಿ ಬಂತು.

ಭಾಯ್ ನಗಲಿಲ್ಲ. ಅದು ಅವರ ದೊಡ್ಡ ಗುಣ. ಸೈಕಲ್ ಪಂಪಿನ ತುದಿಗೆ ಸಣ್ಣ ಟ್ಯೂಬು ಸಿಕ್ಕಿಸಿ ತೂತಿನ ಸುತ್ತ ಇದ್ದ ಧೂಳು, ಪಿಂಗಾಣಿ ಪುಡಿ ಎಲ್ಲವನ್ನೂ ಊದಿದರು. ತುಕ್ಕು ಬಿಡಿಸುವ ಎಣ್ಣೆಯನ್ನು ನಾಲ್ಕು ಹನಿ ಬಿಟ್ಟರು. ಮೇಲೊಂದು ಬಟ್ಟೆ ಮುಚ್ಚಿ, "ನಾಳೆ ಬರ್ತೀನಿ," ಎಂದು ಹೊರಟೇಬಿಟ್ಟರು. ರಾಯರಿಗೆ ಬಹಳ ನಿರಾಸೆಯಾಯಿತು. ಅವರು ಏನಾದರೂ ಬಡಿಯುವುದನ್ನು ನೋಡಲು ಕುರ್ಚಿ ಹಾಕಿಕೊಂಡಿದ್ದರು.

ರಾತ್ರಿ ನಿದ್ದೆ ಬರಲಿಲ್ಲ. ನನ್ನಂಥವರು ಲೋಕದಲ್ಲಿ ಇನ್ನೂ ಇದ್ದಾರೆಯೇ ಎಂದು ಫೋನಿನಲ್ಲಿ ಹುಡುಕಿದೆ. ಸಮಾಧಾನ ಸಿಕ್ಕಿದ್ದು ಅಮೆರಿಕದಿಂದ. ಅಲ್ಲಿ ಫೋರ್ಡ್ ಕಂಪನಿಯ 5.4 ಲೀಟರಿನ, ಸಿಲಿಂಡರಿಗೆ ಮೂರು ವಾಲ್ವಿನ ವಿ8 ಎಂಜಿನ್ನು 2004ರಿಂದ ಈಚೆಗೆ ಎಫ್-150 ಟ್ರಕ್ಕುಗಳಲ್ಲಿ ಬಂತು. ಅದರ ಪ್ಲಗ್ಗು ಉದ್ದ, ಎರಡು ಭಾಗ ಸೇರಿಸಿ ಮಾಡಿದ್ದು. ಕೆಳಗಿನ ತೆಳು ಕೊಳವೆಯ ಸುತ್ತ ಕರಿ ಕಟ್ಟಿ ಹೆಡ್ಡಿಗೆ ಅಂಟಿಕೊಳ್ಳುತ್ತಿತ್ತು. ಮೇಲೆ ತಿರುಗಿಸಿದರೆ ತಲೆ ಕೈಗೆ, ಕೊಳವೆ ಒಳಗೆ. ಅಂಥವು ಒಂದು ಗಾಡಿಗೆ ಎಂಟು! ಅದನ್ನು ತೆಗೆಯಲೆಂದೇ ಬೇರೆ ಉಪಕರಣಗಳು ಮಾರಾಟಕ್ಕೆ ಬಂದವು. ಕೊನೆಗೆ ಕಂಪನಿಯೇ 2008ರಲ್ಲಿ ಮೆಕ್ಯಾನಿಕ್ಕುಗಳಿಗೆ ಸೂಚನೆ ಕಳಿಸಿತು. ಎಂಜಿನ್ನು ಪೂರ್ತಿ ತಣ್ಣಗಿರಲಿ, ಹೆಚ್ಚೆಂದರೆ ಕಾಲು ಸುತ್ತು ಸಡಿಲಿಸಿ, ಕಾರ್ಬ್ಯುರೇಟರ್ ಕ್ಲೀನರ್ ಹುಯ್ಯಿರಿ, ಹದಿನೈದು ನಿಮಿಷವಾದರೂ ನೆನೆಯಲು ಬಿಡಿ, ಆಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ಬಿಚ್ಚಿ. ಅಂದರೆ ಸಂಜೆ ಭಾಯ್ ಮಾಡಿದ್ದೇ. ಅವರಿಗೆ ಆ ಸೂಚನೆಯನ್ನು ಯಾರೂ ಕಳಿಸಿರಲಿಲ್ಲ. ನೆನೆಸುವ ಸಮಯದಲ್ಲಂತೂ ಭಾಯ್ ಇನ್ನೂ ಧಾರಾಳ. ನಮ್ಮಲ್ಲಿ ಉದ್ದಿನಬೇಳೆಯನ್ನೂ ಹದಿನೈದು ನಿಮಿಷಕ್ಕೆ ರುಬ್ಬುವುದಿಲ್ಲವಲ್ಲ.

ಸೋಮವಾರ ರಜೆ ಹಾಕಿದೆ. ಭಾಯ್ ಬಂದು ಮೊದಲು ಮಾಡಿದ ಕೆಲಸಕ್ಕೆ ನಾನೂ ರಾಯರೂ ಬೇಕಾದೆವು. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ, "ತಳ್ಳಿ ಸಾರ್, ಒಂದಂಗುಲ," ಅಂದರು. ಪ್ಲಗ್ಗುಗಳಿಲ್ಲದ ಎಂಜಿನ್ನು ಮೆತ್ತಗೆ ತಿರುಗುತ್ತದೆ. ಮಧ್ಯದ ಸಿಲಿಂಡರಿನ ಪಿಸ್ಟನ್ನು ಮೇಲೆ ಬಂದು, ಅದರ ಎರಡು ವಾಲ್ವೂ ಮುಚ್ಚಿರಬೇಕು. ಚೂರು ಬಿದ್ದರೂ ಪಿಸ್ಟನ್ನಿನ ತಲೆ ಮೇಲೇ ಬೀಳಬೇಕು, ವಾಲ್ವಿನ ಸಂದಿಗೆ ಹೋಗಬಾರದು. "ಇನ್ನೊಂದು ಚೂರು... ಸಾಕು... ಜಾಸ್ತಿ ಆಯ್ತು." ಎಪ್ಪತ್ತೆರಡು ವರ್ಷದ ರಾಯರು ಪಂಚೆ ಎತ್ತಿಕಟ್ಟಿ ತಳ್ಳುತ್ತಿದ್ದ ಉತ್ಸಾಹ ನೋಡಿದರೆ, ಅಕೌಂಟ್ಸಿನಲ್ಲಿ ಕಳೆದ ಮೂವತ್ತೊಂದು ವರ್ಷದ ಬಾಕಿಯನ್ನೆಲ್ಲ ಅವತ್ತೇ ತೀರಿಸುವಂತಿತ್ತು.

"ಈಜಿ ಔಟ್ ಹಾಕಲ್ವಾ?" ಎಂದು ಕೇಳಿದೆ. ಹಿಂದಿನ ರಾತ್ರಿಯ ಓದು ಸುಮ್ಮನಿರಲು ಬಿಡಬೇಕಲ್ಲ. ಈಜಿ ಔಟ್ ಎಂದರೆ ಎಡಕ್ಕೆ ತಿರುಗಿದಂತೆಲ್ಲ ಒಳಗೆ ಕಚ್ಚಿಕೊಳ್ಳುವ ಚೂಪು ಕಡ್ಡಿ. "ಇದೆ ಸಾರ್. ಅದು ಗಟ್ಟಿ ಉಕ್ಕು, ಒಳಗೆ ಮುರಿದ್ರೆ ಡ್ರಿಲ್ಲೂ ಹಿಡಿಯಲ್ಲ. ಆಮೇಲೆ ಅದನ್ನು ತೆಗೆಯೋಕೆ ಯಾರನ್ನ ಕರೀತೀರಾ?" ಅಂದರು. ಚೀಲದಿಂದ ಹಳೆಯ ಅರವೊಂದನ್ನು ತೆಗೆದರು. ಅರದ ಹಿಡಿಯೊಳಗೆ ಹೋಗುವ ಚೌಕ ಬಾಲ ಇರುತ್ತದಲ್ಲ, ಅದನ್ನು ಉಜ್ಜಿ ಇದಕ್ಕೆಂದೇ ಹದಮಾಡಿದ್ದರು. ತುದಿಗೆ ಗ್ರೀಸು ಮೆತ್ತಿ, ಉಳಿದ ತುಂಡಿನ ಟೊಳ್ಳಿಗೆ ಇಳಿಸಿ, ಸುತ್ತಿಗೆಯಿಂದ ತಟ್ಟಿದರು. ಬಡಿಯಲಿಲ್ಲ, ತಟ್ಟಿದರು. ಬಡಿದರೆ ತುಂಡು ಅಗಲವಾಗಿ ಥ್ರೆಡ್ಡಿಗೆ ಇನ್ನೂ ಅಮರಿಕೊಳ್ಳುತ್ತದಂತೆ.

ಆಮೇಲೆ ಪಾನಾ ಹಾಕಿ ಮೊದಲು ಬಲಕ್ಕೆ ತಿರುಗಿಸಿದರು, ಬಿಗಿ ಮಾಡುವವರ ಹಾಗೆ. ನನ್ನ ಎದೆ ಝಲ್ಲೆಂದಿತು. ಕೂದಲೆಳೆಯಷ್ಟು ಅಲುಗಿತು. ಎಡಕ್ಕೆ. ಮತ್ತೆ ಬಲಕ್ಕೆ. ಎರಡು ಹನಿ ಎಣ್ಣೆ. ಮತ್ತೆ ಎಡಕ್ಕೆ. ಕಿರ್ರ್ ಎಂದಿತು. ಹೆಂಡತಿ ಕಾಫಿ ತಂದಳು. ಭಾಯ್ ಅರ್ಧ ಸುತ್ತಿಗೇ ನಿಲ್ಲಿಸಿ, ಕೈ ಒರೆಸಿಕೊಂಡು, ನಿಧಾನವಾಗಿ ಕುಡಿದರು. ನಾನಾಗಿದ್ದರೆ ಆ ಅರ್ಧ ಸುತ್ತಿನಲ್ಲಿ ಕಾಫಿ ಹಾಗಿರಲಿ, ಉಸಿರಾಟವನ್ನೂ ನಿಲ್ಲಿಸಿರುತ್ತಿದ್ದೆ. ಕಾಫಿ ಮುಗಿದ ಮೇಲೆ ಐದೇ ನಿಮಿಷ. ಕರಿಬಡಿದ ಬೆರಳುಂಗುರದಂಥ ತುಂಡು ಅರದ ಬಾಲಕ್ಕೆ ಕಚ್ಚಿಕೊಂಡು ಹೊರಗೆ ಬಂತು. ರಾಯರು ಚಪ್ಪಾಳೆ ತಟ್ಟಿದರು.

ಕೆಲಸ ಮುಗಿಯಿತೆಂದು ನಾನು ಹೊಸ ಪ್ಲಗ್ಗಿನ ಪೊಟ್ಟಣ ಬಿಚ್ಚಿದೆ. ಭಾಯ್ ಕೈ ಅಡ್ಡ ಹಿಡಿದು, "ಪಿಂಗಾಣಿ ಲೆಕ್ಕ ಸಿಗ್ಬೇಕು ಸಾರ್," ಅಂದರು. ಚೂರೊಂದು ಒಳಗೆ ಉಳಿದರೆ ಪಿಸ್ಟನ್ನೂ ಸಿಲಿಂಡರಿನ ಗೋಡೆಯೂ ಗೀಚಿಹೋಗುತ್ತವೆ. ಪಿಂಗಾಣಿಗೆ ಅಯಸ್ಕಾಂತದ ಹಂಗಿಲ್ಲ, ಎಳೆದರೆ ಬರುವುದಲ್ಲ. ದೇವರಮನೆಯಿಂದ ಊದುಬತ್ತಿ ಕಡ್ಡಿ ತರಿಸಿದರು. ಅದರ ತುದಿಗೆ ಗ್ರೀಸು ಮೆತ್ತಿ ತೂತಿಗೆ ಬಿಟ್ಟು ಒಂದೊಂದೇ ಚೂರು ಅಂಟಿಸಿಕೊಂಡು ತೆಗೆದರು. ಹಾಗೆ ಸಿಕ್ಕಿದ್ದನ್ನೆಲ್ಲ ಪೇಪರಿನ ಮೇಲೆ ಹರವಿ, ಹಿಂದಿನ ದಿನ ಬಂದಿದ್ದ ತಲೆಯ ಜೊತೆ ಜೋಡಿಸುತ್ತಾ ಕೂತರು. ಎಲ್ಲ ಕೂಡಿತು, ಅಕ್ಕಿಕಾಳಿನಷ್ಟು ಒಂದು ಮೂಲೆ ಕೂಡಲಿಲ್ಲ. ಹುಡುಕಿದೆವು. ಬ್ಯಾಟರಿಯ ಕೆಳಗೆ, ಬಂಪರಿನ ಸಂದಿಯಲ್ಲಿ, ನೆಲದಲ್ಲಿ. ಮುಕ್ಕಾಲು ಗಂಟೆ. ಕೊನೆಗೆ ಅದು ರಾಯರ ಚಪ್ಪಲಿಯ ಅಡಿಯಲ್ಲಿ ಅಂಟಿಕೊಂಡಿತ್ತು. "ಮೈಕೋ ಮಾಲು, ಎಲ್ಲಿಗೂ ಹೋಗಲ್ಲ," ಎಂದರು ರಾಯರು. ಆ ಪ್ಲಗ್ಗು ಮೈಕೋ ಆಗಿರಲಿಲ್ಲ. ಯಾರೂ ತಿದ್ದಲಿಲ್ಲ.

ತಿರುಪು ಕೊರೆಯುವ ಟ್ಯಾಪು ಎಂಬ ಕಡ್ಡಿಯನ್ನು ಗ್ರೀಸು ಹಚ್ಚಿ ಇಳಿಸಿ ಥ್ರೆಡ್ಡು ಚೊಕ್ಕ ಮಾಡಿ, ಪ್ಲಗ್ಗಿಲ್ಲದೆಯೇ ಎಂಜಿನ್ನನ್ನು ನಾಲ್ಕು ಸಲ ತಿರುಗಿಸಿ ಉಳಿದ ಪುಡಿಯನ್ನೂ ಹೊರಗೆ ಉಗುಳಿಸಿದರು. ಹೊಸ ಪ್ಲಗ್ಗನ್ನು ಮಾತ್ರ ನನ್ನ ಕೈಗೇ ಕೊಟ್ಟರು. ಅದರ ತಲೆಗೆ ಪೆಟ್ರೋಲ್ ಪೈಪಿನ ರಬ್ಬರು ತುಂಡು ಸಿಕ್ಕಿಸಿ, "ಇದ್ರಲ್ಲೇ ತಿರುಗಿಸಿ. ಸೊಟ್ಟ ಕೂತ್ರೆ ರಬ್ಬರ್ ಜಾರತ್ತೆ, ನಿಮ್ಗೇ ಗೊತ್ತಾಗತ್ತೆ," ಅಂದರು. ತಿರುಗಿಸಿದೆ. ಜಾರಲಿಲ್ಲ. ಬೆರಳಲ್ಲೇ ತಳ ಮುಟ್ಟಿತು. ಪಾನಾ ಹಾಕಿ ಅರ್ಧ ಸುತ್ತು ಕೊಟ್ಟೆ. ನನ್ನ ಕೈ ಇನ್ನೂ ಸ್ವಲ್ಪ ಮುಂದೆ ಹೋಗುತ್ತಿತ್ತೋ ಏನೋ, ಅಷ್ಟರಲ್ಲಿ ಭಾಯ್ ಪಾನಾದಿಂದ ಟಾಮಿ ರಾಡನ್ನು ಮೆಲ್ಲಗೆ ಎಳೆದುಕೊಂಡರು.

ಕೀಲಿ ತಿರುಗಿಸಿದೆ. ಡಬ್ಬಿ ನಡುಗದೆ ನಿಂತಿತು.

ದುಡ್ಡು ಕೊಟ್ಟೆ. ಸ್ಕೂಟರಿನ ಡಿಕ್ಕಿಗೆ ಚೀಲ ಹಾಕುವಾಗ ಅದರೊಳಗೆ ನಮ್ಮ ಟಾಮಿ ರಾಡೂ ಇಣುಕುತ್ತಿತ್ತು.

"ಭಾಯ್, ಅದು ನಮ್ದು."

"ಗೊತ್ತು ಸಾರ್. ನನ್ನ ಹತ್ರಾನೇ ಇರ್ಲಿ. ಇನ್ನೊಂದ್ಸಲ ಪ್ಲಗ್ ಬದಲಾಯಿಸೋವಾಗ ಬಂದು ಇಸ್ಕೊಳ್ಳಿ."

ರಾಡು ಈಗ ಅವರ ಗ್ಯಾರೇಜಿನ ಮೊಳೆಗೆ ನೇತುಬಿದ್ದಿದೆ. ಅತ್ತ ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಜಿಐ ಪೈಪು ಇಲ್ಲೇ ಇದೆ. ಹೆಂಡತಿ ಅದನ್ನು ಕುಂಡದಲ್ಲಿ ನೆಟ್ಟು ಟೊಮೆಟೊ ಗಿಡಕ್ಕೆ ಕಟ್ಟಿದ್ದಾಳೆ. ಸುತಳಿಯನ್ನು ಅವಳೇ ಕಟ್ಟಿದ್ದು. ನನ್ನ ಕೈಗೆ ಕೊಡಲಿಲ್ಲ.